ಪರದೆಯ ಪಾಠವೂ ಮನೆಯ ಪಾತ್ರವೂ

ದೂರದ ಗುರುವಿನಿಂದ ಯಂತ್ರದ ಮೂಲಕ ಪಾಠ ಕಲಿಯುವುದು ಕನ್ನಡಿಗರಿಗೆ ಹೊಸತಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಪಾಠಗಳು ತಲುಪಿದವು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಆದರೆ ಅಲ್ಲಿ ಮಕ್ಕಳು ಒಂದು ಪೆಟ್ಟಿಗೆಯ ಮುಂದೆ ಒಟ್ಟಾಗಿ ಕುಳಿತು ನೋಡುತ್ತಿದ್ದರು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಪಾಠವು ಡೊಂಬಿವಲಿಯ ನಮ್ಮ ಪುಟ್ಟ ಮನೆಗೇ ಬಂದಿತು. ಕೇಳುವ ಮಗು ಒಂಟಿಯಾಯಿತು.

ಬ್ಯಾಂಕು ಅತ್ಯವಶ್ಯಕ ಸೇವೆಯಾದುದರಿಂದ ನಾನೂ ನನ್ನ ಫೋನೂ ಶಾಖೆಗೆ ಹೋಗಲೇಬೇಕಾಗಿತ್ತು. ಉಳಿದ ಒಂದು ಫೋನಿಗೆ ಇಬ್ಬರು ಹಕ್ಕುದಾರರು: ಒಂಬತ್ತನೆಯ ತರಗತಿಯ ಮಗ, ಎರಡನೆಯ ತರಗತಿಯ ಮಗಳು. ಗಣಿತ ಮುಖ್ಯವೆಂದು ಹಗಲು ಮಗನಿಗೆ ಕೊಟ್ಟೆವು. ಮಗಳಿಗೆ ರಾತ್ರಿ, ಮುದ್ರಿತ ಪಾಠ. ಆರು ತಿಂಗಳ ನಂತರ ಒಂದು ಭಾನುವಾರ ಪಠ್ಯಪುಸ್ತಕ ಓದಲು ಹೇಳಿದೆ. ಇಡೀ ಪಾಠವನ್ನು ಕಂಠಪಾಠವಾಗಿ ಒಪ್ಪಿಸಿದಳು. ಒಂದು ಪದದ ಮೇಲೆ ಬೆರಳಿಟ್ಟು ಇದಾವುದೆಂದು ಕೇಳಿದರೆ ಅವಳಿಗೆ ತಿಳಿಯಲಿಲ್ಲ. ಹಾಜರಿಯಲ್ಲಿ ಪ್ರತಿದಿನದ ಜಮಾ ಇತ್ತು, ಖಾತೆಯಲ್ಲಿ ಶಿಲ್ಕು ಇರಲಿಲ್ಲ. ತಪ್ಪು ನನ್ನದೇ.

ಅಂದಿನಿಂದ ಮಡದಿ ಪದಪದಕ್ಕೂ ಬೆರಳಿಟ್ಟು ಓದಿಸತೊಡಗಿದಳು. ಓದಿದುದನ್ನು ಮಗಳು ರಾತ್ರಿ ಎಂಟಕ್ಕೆ ಗದುಗಿನಲ್ಲಿರುವ ನನ್ನ ತಾಯಿಗೆ ಫೋನಿನಲ್ಲಿ ಕನ್ನಡದಲ್ಲಿ ಹೇಳಬೇಕು. ನಾಲ್ಕನೆಯ ಇಯತ್ತೆ ಮುಗಿಸಿದ ಆಕೆ ಸುಮ್ಮನೆ ಕೇಳುವವರಲ್ಲ. “ನರಿ ಯಾಕ ಹಂಗ ಮಾಡ್ತವಾ?” ಎಂದರೆ ಮಗಳು ಮತ್ತೆ ಪುಸ್ತಕ ತೆರೆಯಲೇಬೇಕು. ನಾಲ್ಕು ತಿಂಗಳಲ್ಲಿ ಅವಳು ಸ್ವತಃ ಓದಿದಳು.

2020ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿಯು ಶಿಶುವಿಹಾರಕ್ಕೆ ದಿನಕ್ಕೆ 30 ನಿಮಿಷ ಮೀರಬಾರದೆಂದೂ, ಎಂಟನೆಯ ತರಗತಿಯವರೆಗೆ 30ರಿಂದ 45 ನಿಮಿಷಗಳ ಎರಡು ಅವಧಿ, ಮುಂದೆ ನಾಲ್ಕು ಅವಧಿ ಮೀರಬಾರದೆಂದೂ ಸೂಚಿಸಿತ್ತು. ವೇಳೆಯ ಮಿತಿ ಸರಿಯೇ. ಆದರೆ ಪಾಠ ಮುಗಿದ ಮೇಲೆ ಕೇಳುವವರು ಯಾರು?

ಮಗನ ತೊಂದರೆ ಬೇರೆ. ತಿಳಿಯದ ಪಾಠವನ್ನು ಮೂರು ಸಲ ನೋಡಿ ತಿಳಿಯಿತೆಂದು ನಂಬುತ್ತಿದ್ದ. ಅಮೇರಿಕೆಯಲ್ಲಿ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಉಪಯುಕ್ತ. ಐದು ನಿಮಿಷದ ನಂತರ ಪರೀಕ್ಷಿಸಿದರೆ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರವಾದರೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದು. ಮಗನಿಗೂ ಒಮ್ಮೆ ನೋಡಿ, ಫೋನು ಮಗುಚಿಟ್ಟು, ಲೆಕ್ಕ ಬರೆಯುವ ನಿಯಮವಾಯಿತು. ತಂಗಿಗೆ ಫೋನೂ ಬೇಗ ಸಿಕ್ಕಿತು!

ವಯಸ್ಕರೂ ಇದಕ್ಕೆ ಹೊರತಲ್ಲ. ಸಿ.ಎ.ಐ.ಐ.ಬಿ. ಪರೀಕ್ಷೆಗೆ ಕುಳಿತುಕೊಳ್ಳುವ ಸಹೋದ್ಯೋಗಿಗಳು ಕಲ್ಯಾಣದಿಂದ ಮುಂಬಯಿಯವರೆಗೆ ಲೋಕಲ್‌ನಲ್ಲಿ ನಿಂತೇ ಉಪನ್ಯಾಸ ಕೇಳುತ್ತಾರೆ. ಕುರ್ಲಾ ಬಂದಾಗ ಠಾಣೆಯಲ್ಲಿ ಕೇಳಿದ್ದೇನೆಂದು ಪರಸ್ಪರ ಪ್ರಶ್ನಿಸಿಕೊಳ್ಳುವ ಇಬ್ಬರನ್ನು ಬಲ್ಲೆ, ಇಬ್ಬರೂ ಉತ್ತೀರ್ಣರಾದರು.

ಕಣ್ಣಿನ ಮಾತನ್ನೂ ಹೇಳಬೇಕು. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿರಿಸಿದಾಗ ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಕಡಿಮೆಯಾದರೆಂದು 2015ರಲ್ಲಿ ಪ್ರಕಟವಾಯಿತು. ಡೊಂಬಿವಲಿಯಲ್ಲಿ ಬಯಲೆಲ್ಲಿ? ನಮಗೆ ಸಿಕ್ಕಿದ್ದು ಸೊಸೈಟಿಯ ತಾರಸಿ.

ಮಗಳು ಈಗ ದೊಡ್ಡ ತರಗತಿಯಲ್ಲಿದ್ದಾಳೆ. ಗದುಗಿನ ಫೋನು ಇಂದಿಗೂ ರಾತ್ರಿ ಎಂಟಕ್ಕೆ ಬರುತ್ತದೆ. ಈಚೆಗೆ ಬೀಜಗಣಿತವೆಂದರೇನೆಂದು ಅಜ್ಜಿ ಕೇಳಿದ್ದಾರೆ.