ಜರ್ಮನಿಯ ಡಬ್ಬಿ, ದಾವಣಗೆರೆಯ ಗರಡಿ

ಊರಿಗೆ ಹೊರಡಲು ಹದಿನೈದು ದಿನಗಳಿರುವಾಗ ದಾವಣಗೆರೆಯಿಂದ ಅಕ್ಕನ ಕರೆ ಬಂತು. ಈ ಸಲದ ಬೇಡಿಕೆ ಚಾಕೊಲೇಟಿನದಲ್ಲ. ‘ಅದೇನೋ ಅಮಿನೊ ಪುಡಿಯಂತೆ, ಇವನಿಗೆ ಎರಡು ಡಬ್ಬಿ ತಂದುಬಿಡಪ್ಪ. ಇಲ್ಲಿ ಸಿಗೋದು ನಕಲಿ, ಜರ್ಮನಿದಾದ್ರೆ ಅಸಲಿ ಅಂತಾನೆ’ ಎಂದಳು. ಅವಳ ಮಗ ಗರಡಿಯಲ್ಲಿ ಬೆಳೆದ ಹುಡುಗ. ವಿಶ್ವವಿದ್ಯಾಲಯದ ಕುಸ್ತಿ ತಂಡದ ಆಯ್ಕೆಗೆ ಸಿದ್ಧನಾಗುತ್ತಿದ್ದಾನೆ.

ನಾನಿರುವ ಕಲೋನ್ ನಗರದ ಅಂಗಡಿಗಳಲ್ಲಿ ಇಂತಹ ಡಬ್ಬಿಗಳಿಗೆ ಕೊರತೆಯಿಲ್ಲ. ಕೊಳ್ಳುವ ಮೊದಲು ಒಳಗೇನಿದೆ ಎಂದು ಓದಿದೆ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮಿನೊ ಆಮ್ಲಗಳು; ಜಿಮ್ ಭಾಷೆಯಲ್ಲಿ ಬಿಸಿಎಎ. ನಮ್ಮ ದೇಹ ತಾನಾಗಿ ತಯಾರಿಸಲಾರದ, ಆಹಾರದಿಂದಲೇ ಪಡೆಯಬೇಕಾದ ಅಮಿನೊ ಆಮ್ಲಗಳು ಒಂಬತ್ತು. ಸ್ನಾಯು ಕಟ್ಟುವ ಕೆಲಸಕ್ಕೆ ಲ್ಯೂಸಿನ್ ಚಾಲನೆ ಕೊಡುತ್ತದೆ, ನಿಜ. ಆದರೆ ಗೋಡೆ ಮೇಲೇಳಲು ಒಂಬತ್ತು ಬಗೆಯ ಇಟ್ಟಿಗೆಗಳೂ ಬೇಕು. ಮೂರನ್ನೇ ರಾಶಿ ಹಾಕಿದರೆ ಉಳಿದ ಆರಕ್ಕಾಗಿ ಕೆಲಸ ನಿಲ್ಲುತ್ತದೆ.

ಕಸರತ್ತಿನ ಮರುದಿನದ ಮೈಕೈ ನೋವು ಬಿಸಿಎಎ ಸೇವನೆಯಿಂದ ತುಸು ತಗ್ಗುತ್ತದೆ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಬಲವೋ ವೇಗವೋ ಹೆಚ್ಚುತ್ತದೆ ಎಂಬುದಕ್ಕೆ ಅಷ್ಟು ಆಧಾರವಿಲ್ಲ. ಸ್ನಾಯು ಬೆಳವಣಿಗೆ, ಆಯಾಸದಿಂದ ಬೇಗನೆ ಚೇತರಿಕೆ ಮುಂತಾದ ಹೇಳಿಕೆಗಳನ್ನು ಪರಿಶೀಲಿಸಿದ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ, ಕಾರ್ಯಕಾರಣ ಸಂಬಂಧ ಸ್ಥಾಪಿತವಾಗಿಲ್ಲವೆಂದು 2010ರಲ್ಲಿಯೇ ಅಭಿಪ್ರಾಯಪಟ್ಟಿತು.

‘ಜರ್ಮನಿಯದಾದರೆ ಅಸಲಿ’ ಎಂಬ ನಂಬಿಕೆಯ ಕಥೆಯೇ ಬೇರೆ. ಇಲ್ಲಿನ ಕಾನೂನಿನ ಪ್ರಕಾರ ಇಂತಹ ಪೂರಕಗಳು ಔಷಧಗಳಲ್ಲ, ಆಹಾರ. ಮಾರುಕಟ್ಟೆಗೆ ಬಿಡುವ ಮುನ್ನ ಸರ್ಕಾರಕ್ಕೆ ತಿಳಿಸಿದರೆ ಸಾಕು. ಔಷಧಕ್ಕಿರುವಂತೆ ಪೂರ್ವಾನುಮೋದನೆ ಬೇಕಿಲ್ಲ. ನಮ್ಮ ಊರಿನದೇ ಕ್ರೀಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2000–2001ರಲ್ಲಿ 13 ದೇಶಗಳಿಂದ 634 ಪೂರಕಗಳನ್ನು ಕೊಂಡು ಪರೀಕ್ಷಿಸಿದ್ದರು. ಅವುಗಳಲ್ಲಿ 94ರಲ್ಲಿ, ಅಂದರೆ ಶೇ 14.8ರಷ್ಟರಲ್ಲಿ, ಲೇಬಲ್‌ನಲ್ಲಿ ನಮೂದಿಸದ ಸ್ಟೀರಾಯ್ಡ್ ಅಂಶಗಳು ಸಿಕ್ಕವು. ಜರ್ಮನಿಯಲ್ಲಿ ಕೊಂಡ ಡಬ್ಬಿಗಳೂ ಅವುಗಳಲ್ಲಿದ್ದವು. ಇಂದು ಪರೀಕ್ಷೆಗೊಳಪಟ್ಟ ಉತ್ಪನ್ನಗಳನ್ನು ‘ಕೋಲ್ನರ್ ಲಿಸ್ಟೆ’ ಎಂಬ ಪಟ್ಟಿ ಪ್ರಕಟಿಸುತ್ತದೆ. ಅದು ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಕುಸ್ತಿಪಟುವಿಗೆ ಇದು ಸಣ್ಣ ಸಂಗತಿಯಲ್ಲ. ಡೋಪಿಂಗ್ ನಿಯಮಗಳಲ್ಲಿ ದೇಹದೊಳಗೆ ಸಿಕ್ಕಿದ್ದಕ್ಕೆ ಕ್ರೀಡಾಪಟುವೇ ಹೊಣೆ. ‘ಮಾಮ ತಂದುಕೊಟ್ಟದ್ದು, ನನಗೆ ಗೊತ್ತಿರಲಿಲ್ಲ’ ಎಂದರೆ ಪಾರಾಗುವುದು ಕಷ್ಟ. ವರ್ಷಗಳ ಸಾಧನೆ ನನ್ನ ಉಡುಗೊರೆಯಿಂದಲೇ ಮಣ್ಣುಪಾಲಾದರೆ?

ಹಾಗಾದರೆ ಪೋಷಣೆ ಹೇಗೆ? ಕಠಿಣ ಅಭ್ಯಾಸ ಮಾಡುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.4ರಿಂದ 2 ಗ್ರಾಂ ಪ್ರೋಟೀನ್ ಸಾಕೆಂಬುದು ಕ್ರೀಡಾ ಪೋಷಣೆಯ ತಜ್ಞರ ಮಾತು. ಹಾಲು, ಮೊಟ್ಟೆ, ಸೋಯಾಗಳಲ್ಲಿ ಒಂಬತ್ತೂ ಅಮಿನೊ ಆಮ್ಲಗಳಿವೆ. ಅನ್ನದಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಯಲ್ಲಿದೆ. ಬೇಳೆಯಲ್ಲಿ ಕಡಿಮೆಯಿರುವ ಮಿಥಿಯೊನಿನ್ ಅನ್ನದಲ್ಲಿದೆ. ಇಲ್ಲಿಗೆ ಓದಲು ಬರಬೇಕೆಂದಿರುವವರಿಗೂ ಒಂದು ಮಾತು. ವೀಸಾಕ್ಕಾಗಿ ತೋರಿಸುವ ಖಾತೆಯಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೊ. ಬಾಡಿಗೆ, ವಿಮೆ ಕಳೆದು ಉಳಿದದ್ದನ್ನು ಪುಡಿಗೆ ಸುರಿದು ಮಧ್ಯಾಹ್ನದ ಊಟ ಬಿಡುವ ಹುಡುಗರನ್ನು ಕಂಡಿದ್ದೇನೆ. ಇಲ್ಲಿ ಅಗ್ಗವಾಗಿ ಸಿಗುವ, ಗಟ್ಟಿ ಮೊಸರನ್ನು ಹೋಲುವ ಕ್ವಾರ್ಕ್‌ನ ಕಾಲು ಕಿಲೋದಲ್ಲಿ ಸುಮಾರು 30 ಗ್ರಾಂ ಪ್ರೋಟೀನ್ ಇದೆ.

ಆ ರಾತ್ರಿ ಅಳಿಯನಿಗೆ ಇದನ್ನೆಲ್ಲ ವಿವರಿಸಿದೆ. ಸ್ವಲ್ಪ ಹೊತ್ತು ಮೌನ. ‘ಉಸ್ತಾದರೂ ಇದನ್ನೇ ಅಂದಿದ್ರು ಮಾಮ. ಹುಡುಗರೆಲ್ಲ ತಗೋತಾರಲ್ಲ, ನಾನು ಹಿಂದೆ ಬೀಳ್ತೀನೇನೋ ಅಂತ ಭಯ’ ಎಂದ. ಅವನು ಕೇಳಿದ್ದ ಡಬ್ಬಿಯ ಹಿಂದಿದ್ದುದು ಆ ಭಯವೇ. ‘ಕಾಲಿನ ಅಳತೆ ಕಳಿಸು, ಕುಸ್ತಿಯ ಬೂಟು ತರ್ತೀನಿ’ ಎಂದೆ. ಮರುದಿನ ಬೆಳಿಗ್ಗೆ ಅಳತೆ ಬಂದಿತ್ತು.