ಬ್ಯಾಡಗಿಯ ಉದ್ದ ಎಷ್ಟು: 3, 7, 21 ಇಲ್ಲಾ 2?

ಪೈಥಾನ್‌ನಿಂದ ಸಿ ಭಾಷೆಯ ಫಂಕ್ಷನ್ ಕರೆಯೋಕೆ ಹೊಸದಾಗಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸಿಟೈಪ್ಸ್ ಅನ್ನೋ ಮಾಡ್ಯೂಲ್ 2006ರಲ್ಲಿ ಬಂದ ಪೈಥಾನ್ 2.5ರಿಂದ ಜೊತೆಗೇ ಇದೆ. ಲಿನಕ್ಸ್‌ನಲ್ಲಿ ಸಿ ಲೈಬ್ರರಿ ಆಗಲೇ ಕಂಪೈಲ್ ಆಗಿ ಕೂತಿರುತ್ತೆ. ಅದನ್ನ ಲೋಡ್ ಮಾಡಿ ಹೆಸರು ಹಿಡಿದು ಕರೆದರೆ ಆಯ್ತು. ಕಷ್ಟ ಇರೋದು ಏನು ಕೊಡ್ತೀವಿ, ಏನು ತಗೋತೀವಿ ಅನ್ನೋದ್ರಲ್ಲಿ.

ನಮ್ಮ ಊರುಗಳ ಹೆಸರನ್ನೇ ಕೊಟ್ಟು ನೋಡ್ರಿ. "ಬ್ಯಾಡಗಿ" ಕಣ್ಣಿಗೆ 3 ಅಕ್ಷರ. ಪೈಥಾನ್‌ನ ಲೆನ್ 7 ಅನ್ನುತ್ತೆ, ಯಾಕಂದ್ರೆ ಇಳಿ, ಗುಡಿಸು, ಒತ್ತಕ್ಷರದ ನಡುವಿನ ಹಲಂತ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತೆ. ಯುಟಿಎಫ್-8ಗೆ ಬದಲಿಸಿ ಸಿ ಭಾಷೆಯ ಸ್ಟ್ರ್‌ಲೆನ್‌ಗೆ ಕೊಟ್ರೆ 21, ಒಂದೊಂದಕ್ಕೂ 3 ಬೈಟ್. ಹಾವೇರಿಗೆ 18, ರಾಣೆಬೆನ್ನೂರಿಗೆ 36. ಇಲ್ಲಿವರೆಗೆ ಎಲ್ಲಾ ಸರಿ.

ಬದಲಿಸದೆ ಹಾಗೇ ಕೊಟ್ರೆ? ಮೂರೂ ಊರಿಗೂ ಉತ್ತರ 2! ಎರರ್ ಇಲ್ಲ, ವಾರ್ನಿಂಗೂ ಇಲ್ಲ. ಆಗ ಸಿಟೈಪ್ಸ್ ಒಂದೊಂದು ಚಿಹ್ನೆಯನ್ನೂ 4 ಬೈಟ್‌ಗಳಲ್ಲಿ ಇಟ್ಟು ಕಳಿಸುತ್ತೆ. ಕನ್ನಡದ ಕೋಡ್‌ಗೆ 2 ಬೈಟ್ ಸಾಕು, ಉಳಿದೆರಡು ಸೊನ್ನೆ. ಸ್ಟ್ರ್‌ಲೆನ್‌ಗೋ ಸೊನ್ನೆ ಕಂಡಲ್ಲಿ ಪದ ಮುಗೀತು. (ಇಂಗ್ಲಿಷ್ ಹೆಸರಿಗಾದ್ರೆ 1 ಬರುತ್ತೆ, ಇನ್ನೂ ಅನ್ಯಾಯ.) ಈ 2ನ್ನ ನಂಬಿ ಬಿಲ್ಲಿನಲ್ಲಿ ರೈತನ ಊರಿಗೆ ಜಾಗ ಬಿಟ್ರೆ ಮೊದಲ ಅಕ್ಷರವೂ ಪೂರ್ತಿ ಉಳಿಯಲ್ಲ.

ಸಿಟೈಪ್ಸ್‌ಗೆ ಇದು ಯಾಕೆ ಗೊತ್ತಾಗಲ್ಲ? ಕಂಪೈಲ್ ಆದ ಲೈಬ್ರರಿಯಲ್ಲಿ ಫಂಕ್ಷನ್ನಿನ ಹೆಸರು, ವಿಳಾಸ ಸಿಗುತ್ತೆ, ಟೈಪ್ ಸಿಗಲ್ಲ. ಟೈಪ್ ಇರೋದು ಹೆಡರ್ ಫೈಲ್‌ನಲ್ಲಿ, ಅದನ್ನ ಸಿಟೈಪ್ಸ್ ಓದೋದೇ ಇಲ್ಲ. ಮೆಣಸಿನಕಾಯಿ ಚೀಲದ ಮೇಲೆ ಬರೀ ಲಾಟ್ ನಂಬರ್ ಇದ್ದು, ಒಳಗಿರೋದು ಡಬ್ಬಿಯೋ ಕಡ್ಡಿಯೋ ಬರೀದೇ ಇದ್ದ ಹಾಗೆ.

ವಾಪಸ್ ಬರೋ ಉತ್ತರದ್ದೂ ಇದೇ ಕಥೆ. ನಾವು ಹೇಳದಿದ್ರೆ ಸಿಟೈಪ್ಸ್ ಅದನ್ನ ಇಂಟ್ ಅಂತಲೇ ಹಿಡಿಯುತ್ತೆ. ಸ್ಕ್ವೇರ್‌ರೂಟ್‌ಗೆ ಡಬಲ್ ಅಂತ ಸುತ್ತಿ 2.0 ಕೊಡಿ, ಸಂಬಂಧವೇ ಇಲ್ಲದ ಪೂರ್ಣಾಂಕ ಬರುತ್ತೆ. ನಮ್ಮ ಲ್ಯಾಪ್‌ಟಾಪ್‌ಗಳ 64 ಬಿಟ್ ಪ್ರೊಸೆಸರ್‌ನಲ್ಲಿ ದಶಮಾಂಶದ ಉತ್ತರ ಒಂದು ರಿಜಿಸ್ಟರ್‌ನಲ್ಲಿ ಇರುತ್ತೆ, ಸಿಟೈಪ್ಸ್ ಇನ್ನೊಂದರಲ್ಲಿ ಕೈ ಹಾಕುತ್ತೆ.

ಹಾಗಾಗಿ ಕರೆಯೋ ಮೊದಲು ಆರ್ಗ್‌ಟೈಪ್ಸ್, ರೆಸ್‌ಟೈಪ್ ಎರಡನ್ನೂ ಬರೀರಿ. ಸ್ಟ್ರ್‌ಲೆನ್‌ಗೆ ಸಿ ಚಾರ್ ಪಾಯಿಂಟರ್ ಅಂತ ಹೇಳಿಟ್ರೆ, ಬದಲಿಸದ "ಬ್ಯಾಡಗಿ" ಕೊಟ್ಟ ತಕ್ಷಣ ಎರರ್ ಬರುತ್ತೆ. ಪಾಯಿಂಟರ್ ವಾಪಸ್ ಕೊಡೋ ಫಂಕ್ಷನ್‌ಗಳಿಗಂತೂ ರೆಸ್‌ಟೈಪ್ ಬಿಡಲೇಬೇಡಿ. 64 ಬಿಟ್ ವಿಳಾಸದ ಅರ್ಧ ಕತ್ತರಿಸಿಹೋಗಿ, ಅದನ್ನ ಮುಟ್ಟಿದಾಗ ಪ್ರೋಗ್ರಾಮೇ ಬಿದ್ದುಹೋಗಬಹುದು.