ಯೋಜನೆ ಮುಗಿದರೂ ಪೇಟೆ ನಡೆಯಬೇಕು

ಬಡವರ ನೆರವಿನ ಯೋಜನೆಗಳಿಗೆ ಹಣ ಬರುತ್ತದೆ, ಸಿಬ್ಬಂದಿ ಬರುತ್ತಾರೆ. ಅವಧಿ ಮುಗಿದೊಡನೆ ಎರಡೂ ಮರೆಯಾಗುತ್ತವೆ. ಆಮೇಲೆ ಬಡವರ ಗತಿ ಏನು? ಬಾಂಗ್ಲಾದೇಶದಲ್ಲಿ 2002ರಿಂದ 2018ರವರೆಗೆ ನಡೆದ 'ಕ್ಯಾಟಲಿಸ್ಟ್' ಯೋಜನೆ ಇದಕ್ಕೊಂದು ದಾರಿ ತೋರಿಸಿದೆ.

ಸ್ವಿಟ್ಜರ್ಲೆಂಡ್, ಬ್ರಿಟನ್ ಮೊದಲಾದ ದೇಶಗಳ ಧನಸಹಾಯದ ಈ ಯೋಜನೆಯನ್ನು ಸ್ವಿಸ್‌ಕಾಂಟ್ಯಾಕ್ಟ್ ಸಂಸ್ಥೆ ಮುನ್ನಡೆಸಿತು. ಹಿತ್ತಲಲ್ಲಿ ತರಕಾರಿ ಬೆಳೆಯುವ ಬಡ ಕುಟುಂಬಗಳಿಗೆ ಕಂಪೆನಿ ಬೀಜದ ದೊಡ್ಡ ಪೊಟ್ಟಣ ದುಬಾರಿಯಾಗಿತ್ತು. ಯೋಜನೆಯವರು ಬೀಜವನ್ನು ಪುಕ್ಕಟೆ ಹಂಚಲಿಲ್ಲ. ಚಿಕ್ಕ ಪೊಟ್ಟಣ ತರುವಂತೆ ಕಂಪೆನಿಗಳನ್ನು ಒಪ್ಪಿಸಿದರು. ಊರೂರು ತಿರುಗುವ ಬೀಜ ವ್ಯಾಪಾರಿಗಳು ಅದನ್ನು ಮಾರಿದರು. ಅವರ ಸಂಪಾದನೆ ಮಾರಾಟದ ಲಾಭ, ಯೋಜನೆಯ ಸಂಬಳವಲ್ಲ.

ನಮ್ಮ ಪಿಗ್ಮಿ ಠೇವಣಿಯ ಗುಟ್ಟೂ ಇದೇ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯ ಉಳಿತಾಯವನ್ನು ಏಜೆಂಟರ ಮೂಲಕ ಮನೆ ಬಾಗಿಲಲ್ಲೇ ಸಂಗ್ರಹಿಸಿತು.

ಇಂಥ ಕೆಲಸಕ್ಕೆ ವ್ಯಾಪಾರಿಯ ಲೆಕ್ಕವೂ ಬಡವರ ಕಷ್ಟವೂ ತಿಳಿದ ಸ್ಥಳೀಯ ಸಿಬ್ಬಂದಿ ಬೇಕು. ಫಲಿಸದ್ದನ್ನು ಕೈಬಿಟ್ಟು ಬೇರೆ ದಾರಿ ಹಿಡಿಯುವ ಅಧಿಕಾರ ಅವರಿಗಿರಬೇಕು. ಬಜೆಟ್ಟಿನ ಪ್ರತಿ ಬಾಬತ್ತನ್ನೂ ಮೊದಲೇ ಬಿಗಿದಿಟ್ಟರೆ ಹಣ ಖರ್ಚು ಮಾಡುವುದೇ ಸಾಧನೆಯಾಗಿಬಿಡುತ್ತದೆ. ಹಾಗೆಂದು ಲೆಕ್ಕಪತ್ರ ಸಡಿಲಾಗಬಾರದು. ಪ್ರತಿ ಬದಲಾವಣೆಗೂ ಕಾರಣ ಬರೆದಿಡಬೇಕು.

ನಮ್ಮ ಸಂಘಗಳೂ ಸ್ವಉದ್ಯೋಗ ಕಾರ್ಯಕ್ರಮ ಹಮ್ಮಿಕೊಳ್ಳುತ್ತವೆ. ಎಷ್ಟು ಹೊಲಿಗೆ ಯಂತ್ರ ವಿತರಿಸಿದೆವು ಎಂಬುದಕ್ಕಿಂತ, ಹೊಲಿದ ಬಟ್ಟೆ ಕೊಳ್ಳುವವರು ಯಾರು, ಪದಾಧಿಕಾರಿಗಳು ಬದಲಾದ ಮೇಲೂ ಕೊಳ್ಳುತ್ತಾರೆಯೇ ಎಂಬುದನ್ನು ಮೊದಲು ವಿಚಾರಿಸುವುದು ಒಳ್ಳೆಯದು.